ಮೇಷ್ಟ್ರ ಮರೆವು, ತಾಯಿಯ ತಪ್ಪು



ಕಳೆದ ವಾರ ಬೆಂಗಳೂರಿನಿಂದ ಮಗಳು ಫೋನ್ ಮಾಡಿ ಅತ್ತಳು. ಮೊಮ್ಮಗನ ಶಾಲೆಗೆ ಅಂದು ಎಲ್ಲ ಮಕ್ಕಳೂ ಹಸಿರು ಬಟ್ಟೆ ತೊಟ್ಟು ಬರಬೇಕಿತ್ತಂತೆ. ಇವಳಿಗೆ ಮರೆತುಹೋಯಿತು. ಮಗು ಎಂದಿನ ಸಮವಸ್ತ್ರದಲ್ಲಿ ಹೋಗಿ, ಹಸಿರು ಅಂಗಿಗಳ ನಡುವೆ ಒಂಟಿಯಾಗಿ ನಿಂತು ಅತ್ತಿತು. ಸಂಜೆಯ ಹೊತ್ತಿಗೆ ಬಂಧುವೊಬ್ಬರ ತೀರ್ಪೂ ಹೊರಬಿತ್ತು: "ಆಫೀಸು ಆಫೀಸು ಅಂತ ಹೆತ್ತ ಮಗುವನ್ನೇ ಮರೆತಳು." ಅದೇ ಮನೆಯಲ್ಲಿ ಮಗುವಿನ ತಂದೆಯೂ ಇದ್ದಾರೆ. ಅವರಿಗೂ ಆ ದಿನ ನೆನಪಿರಲಿಲ್ಲ. ಅವರನ್ನು ಯಾರೂ ಕೇಳಲಿಲ್ಲ. ಹಾಗೆ ನುಡಿದವರೂ ಈ ಪುಟವನ್ನು ಓದುತ್ತಾರೆಂದು ಬಲ್ಲೆ, ಓದಲೆಂದೇ ಬರೆಯುತ್ತಿದ್ದೇನೆ. ಆದರೆ ಕಟಕಟೆಯಲ್ಲಿ ಮೊದಲು ನಿಲ್ಲಬೇಕಾದವನು ನಾನೇ.

1995ರ ಮಾತು. ನನ್ನ ಪತ್ನಿ ತವರಿನ ಮದುವೆಯೊಂದಕ್ಕೆ ಹೋಗಿ ಸಂಜೆಗೆ ಮರಳುವವಳಿದ್ದಳು. ಒಂದನೆಯ ತರಗತಿಯಲ್ಲಿದ್ದ ಮಗಳನ್ನು ಶಾಲೆಯಿಂದ ಕರೆತರುವ ಹೊಣೆ ನನ್ನದು. ನಾನೋ ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಮುಳುಗಿ, ಐದೂವರೆಗೆ ಸೈಕಲ್ ಏರಿ ನೇರವಾಗಿ ಮನೆಗೆ ಬಂದೆ. ಆಗಷ್ಟೇ ಬಸ್ಸಿಳಿದು ಬಂದಿದ್ದ ಆಕೆ ಕೇಳಿದಳು: "ಮಗು ಎಲ್ಲಿ?" ಓಡಿಹೋಗಿ ನೋಡಿದರೆ, ಶಾಲೆಯ ಆಯಾ ಹೊಂಗೆಮರದ ಕೆಳಗೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಯುತ್ತಿದ್ದಳು. ಊರಿಗೆ ಊರೇ ನಕ್ಕಿತು: "ಪಾಪ, ಮೇಷ್ಟ್ರಿಗೆ ಸದಾ ಪಾಠದ್ದೇ ಧ್ಯಾನ!" ನನ್ನ ಮರೆವು ನನಗೊಂದು ಬಿರುದಾಯಿತು.

ಅದೇ ವರ್ಷ ಶಾಲೆಯ ವಾರ್ಷಿಕೋತ್ಸವಕ್ಕೆ ಮಗಳ ನೃತ್ಯದ ಉಡುಪನ್ನು ಹೊಲಿಯಲು ಕೊಡುವುದನ್ನು ಪತ್ನಿ ಮರೆತಳು. ನಾನು ಏನೆಂದೆ ಗೊತ್ತೆ? "ಮನೆಯಲ್ಲೇ ಇರುತ್ತೀಯ, ಇಷ್ಟೂ ನೆನಪಿರುವುದಿಲ್ಲವೇ?" ಆಕೆ ಎದುರಾಡಲಿಲ್ಲ. ಮಾರನೆಯ ದಿನ ಅಡುಗೆಮನೆಯ ಬಾಗಿಲ ಪಕ್ಕಕ್ಕೆ ಕ್ಯಾಲೆಂಡರ್ ಬಂತು. ಹಾಲಿನ ಲೆಕ್ಕದ ಜೊತೆಗೆ ಶುಲ್ಕದ ಗಡುವು, ಲಸಿಕೆಯ ದಿನ, ನನ್ನ ತಾಯಿಯ ಮಾತ್ರೆ ಮುಗಿಯುವ ದಿನ ಎಲ್ಲವೂ ಅದರಲ್ಲಿ ಸೇರಿದವು. ಮೂವತ್ತು ವರ್ಷ ಪ್ರತಿ ಜನವರಿಯಲ್ಲಿ ಹೊಸ ಕ್ಯಾಲೆಂಡರ್ ಬಂದಿದೆ. ಯಾವುದರಲ್ಲಿಯೂ ನನ್ನ ಕೈಬರಹದ ಒಂದು ಸಾಲಿಲ್ಲ.

ಹೆಂಗಸರಿಗೆ ಇಂಥವೆಲ್ಲ ಸಹಜವಾಗಿಯೇ ನೆನಪಿರುತ್ತವೆ ಎನ್ನುವವರಿದ್ದಾರೆ. ಇದು ಅನುಕೂಲಕ್ಕೆ ಕಟ್ಟಿಕೊಂಡ ಸುಳ್ಳು. ನಿಮ್ಮಲ್ಲಿ ಅನೇಕರ ಹಾಜರಿ ಸಂಖ್ಯೆ, ಗಣಿತದ ಅಂಕ, ಕೂರುತ್ತಿದ್ದ ಬೆಂಚು ನನಗೆ ಇಂದಿಗೂ ನೆನಪಿವೆ. ನನ್ನ ನೆನಪಿಗೆ ಯಾವ ಕೊರತೆಯೂ ಇರಲಿಲ್ಲ. ಹೊಣೆ ಎಲ್ಲಿದೆಯೋ ನೆನಪು ಅಲ್ಲಿರುತ್ತದೆ. ಮನೆಯ ಹೊಣೆಯನ್ನು ನಾನು ಹೊತ್ತಿರಲಿಲ್ಲ, ಅಷ್ಟೇ.

ಬಿ.ಎಡ್. ತರಗತಿಯಲ್ಲಿ ನಾವೆಲ್ಲ ಎಬ್ಬಿಂಗ್‌ಹೌಸನ ಮರೆವಿನ ರೇಖೆಯನ್ನು ಬರೆದು ಅಂಕ ಪಡೆದವರು. ಈ ಜರ್ಮನ್ ವಿದ್ವಾಂಸ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಕಂಠಪಾಠ ಮಾಡಿ, ಎಷ್ಟು ಬೇಗ ಮರೆಯುತ್ತೇವೆಂದು 1885ರಲ್ಲಿ ಪ್ರಕಟಿಸಿದ. ಕಲಿತದ್ದರ ಬಹುಭಾಗ ಮೊದಲ ದಿನದೊಳಗೇ ಜಾರಿಹೋಗುತ್ತದೆ. ಅವನೋ ಗೊತ್ತಾದ ಹೊತ್ತಿನಲ್ಲಿ, ಏಕಾಗ್ರತೆಯಿಂದ ಕಲಿತವನು. ಕುಕ್ಕರಿನ ಸೀಟಿ ಎಣಿಸುತ್ತ, ಕಚೇರಿಯ ಕರೆಗೆ ಉತ್ತರಿಸುತ್ತ, ಮಗುವಿನ ಕಾಲುಚೀಲ ಹುಡುಕುವ ತಾಯಿಗೆ ಅಂಥ ಹೊತ್ತೆಲ್ಲಿದೆ? ತಲೆಯ ತುಂಬ ಹೊರೆ ಹೇರಿಕೊಂಡವಳಿಂದ ಒಂದು ಹುಲ್ಲುಕಡ್ಡಿ ಕೆಳಗೆ ಬಿದ್ದರೆ ಅದು ಪ್ರೀತಿಯ ಕೊರತೆಯಲ್ಲ, ಹೊರೆಯ ಭಾರ.

ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಮಂದಿಗಾಗಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಮಾಡುವ ಗಂಡಸರು 88 ನಿಮಿಷ. ಇದು ಕೈಯ ಕೆಲಸದ ಲೆಕ್ಕ. ಸಾರಿಗೆ ಒಗ್ಗರಣೆ ಹಾಕುತ್ತ ನಾಳೆಯ ಸಮವಸ್ತ್ರವನ್ನು ನೆನೆಯುವ ದುಡಿಮೆಯನ್ನು ಯಾವ ಗಡಿಯಾರ ಅಳೆದೀತು? ನಮ್ಮ ರಾಜ್ಯದಲ್ಲಿ ಗರ್ಭಿಣಿಯ ತಪಾಸಣೆಯನ್ನೂ ಮಗುವಿನ ಲಸಿಕೆಗಳನ್ನೂ ಬರೆದಿಡುವ ಕಾರ್ಡಿಗೆ 'ತಾಯಿ ಕಾರ್ಡ್' ಎಂದು ಹೆಸರು. ಉದ್ದೇಶ ಒಳ್ಳೆಯದೇ. ಆದರೆ ಆ ಕಾರ್ಡಿನಲ್ಲಿ ಏನಿದೆಯೆಂದು ಎಷ್ಟು ತಂದೆಯರು ತೆರೆದು ನೋಡಿದ್ದಾರೆ?

"ಈಗ ಮೊಬೈಲೇ ನೆನಪಿಸುತ್ತದಲ್ಲ ಸಾರ್" ಎಂದು ನಿಮ್ಮಲ್ಲಿ ಯಾರಾದರೂ ಹೇಳಬಹುದು. ಮೊಬೈಲಿಗೆ ಮೊದಲು ಅದನ್ನು ಹೇಳಿಡುವವರು ಯಾರು? ಶಾಲೆಯ ಗುಂಪಿನಲ್ಲಿ ಬರುವ ಇಪ್ಪತ್ತು ಸಂದೇಶಗಳಲ್ಲಿ ಯಾವುದು ಮುಖ್ಯವೆಂದು ಆರಿಸುವವರು ಯಾರು? ಅಳಿಯಂದಿರನ್ನು ಕೇಳಿದೆ, ಆ ಗುಂಪಿನಲ್ಲಿ ಅವರಿಲ್ಲ. ಕೆಟ್ಟವರಲ್ಲ, ಮಗುವೆಂದರೆ ಪ್ರಾಣ. ನಾನೂ ಕೆಟ್ಟವನಾಗಿರಲಿಲ್ಲ. ಒಳ್ಳೆಯವರಾಗಿದ್ದುಕೊಂಡೇ ನಾವು ಇದನ್ನು ನಡೆಸಿಕೊಂಡು ಬಂದಿದ್ದೇವೆ.

ಗಂಡಸಿಗೆ ಪ್ರಾಯದಲ್ಲಿ ಕೆಲಸದ ನೆಪ, ಮುಪ್ಪಿನಲ್ಲಿ ಅರಳು ಮರಳಿನ ನೆಪ. ಹೆಣ್ಣಿಗೆ ಯಾವ ವಯಸ್ಸಿನಲ್ಲೂ ನೆಪವಿಲ್ಲ. ಹೋಮ್‌ವರ್ಕ್ ಮರೆತು ಬಂದ ನಿಮ್ಮನ್ನು ಬೆಂಚಿನ ಮೇಲೆ ನಿಲ್ಲಿಸಿದವನು ನಾನು. ನನ್ನನ್ನು ಯಾರೂ ನಿಲ್ಲಿಸಲಿಲ್ಲ.

ತಂದೆಯರಾಗಿರುವ ನನ್ನ ಹಳೆಯ ಶಿಷ್ಯರಿಗೆ ಒಂದು ಮಾತು. ಮಗುವಿನ ಮುಂದಿನ ಲಸಿಕೆ ಯಾವಾಗ, ತರಗತಿ ಶಿಕ್ಷಕಿಯ ಹೆಸರೇನು, ಕಾಲಿನ ಚಪ್ಪಲಿಯ ಅಳತೆ ಎಷ್ಟು? ಹೆಂಡತಿಯನ್ನು ಕೇಳದೆ ಉತ್ತರಿಸಿ. ಬಾರದಿದ್ದರೆ ನಾಚಿಕೆ ಬೇಡ, ಇಂದೇ ಕಲಿಯಿರಿ. "ನೆನಪಿಸು, ಮಾಡುತ್ತೇನೆ" ಎಂದು ಮಾತ್ರ ಅನ್ನಬೇಡಿ. ನೆನಪಿಸುವುದೇ ಅರ್ಧ ಕೆಲಸ.

ಮೊನ್ನೆ ನಮ್ಮ ಕ್ಯಾಲೆಂಡರಿನಲ್ಲಿ ಪತ್ನಿಯ ಕಣ್ಣಿನ ತಪಾಸಣೆಯ ದಿನವನ್ನು ನಾನೇ ಬರೆದೆ. ಆಕೆ ನೋಡಿ, ತಾರೀಖು ಒಂದು ದಿನ ತಪ್ಪಿದೆ ಎಂದಳು. ಹೊಡೆದುಹಾಕಿ ಸರಿಯಾಗಿ ಬರೆದಿದ್ದೇನೆ.