ಸಂಘದ ಜಗಳ ಮೊಬೈಲಿನಲ್ಲಿ ತೀರದು

ಕಳೆದ ಮುಂಗಾರಿನಲ್ಲಿ ನನ್ನ ವ್ಯಾಪ್ತಿಯ ಒಂದು ಹಳ್ಳಿಯಲ್ಲಿ ಸ್ತ್ರೀಶಕ್ತಿ ಸಂಘದ ಪ್ರತಿನಿಧಿಯನ್ನು ಬದಲಿಸುವ ವಿವಾದ ಎದ್ದಿತು. ಅದು ಸಭೆಗೆ ಬರುವ ಮೊದಲೇ ವಾಟ್ಸಾಪಿಗೆ ಹೋಯಿತು. 'ಹಣ ನುಂಗಿದ್ದಾರೆ' ಎಂಬ ಮಾತು ಬೆಳಗಾಗುವುದರೊಳಗೆ ಊರು ಸುತ್ತಿತು. ದಾಟಿಸಿದವರಲ್ಲಿ ಗಂಡಸರೇ ಹೆಚ್ಚು. ಮೊಬೈಲ್ ಇಲ್ಲದ ಸದಸ್ಯೆಯರಿಗೆ ಮಾತ್ರ ಏನೂ ತಿಳಿಯಲಿಲ್ಲ. ವಾರದ ಸಭೆ, ಉಳಿತಾಯ, ಬೀಜ-ಗೊಬ್ಬರದ ಸಾಲ ಎಲ್ಲವೂ ನಿಂತವು. ಬಿತ್ತನೆಯ ಹದ ಯಾರ ಜಗಳಕ್ಕೂ ಕಾಯುವುದಿಲ್ಲ.

ಕೊನೆಗೆ ಸದಸ್ಯೆಯರೆಲ್ಲ ಕೂಡಿ ಪುಸ್ತಕ ತೆರೆದರು. ಒಬ್ಬಾಕೆಯ ಎರಡು ಕಂತುಗಳು ಇನ್ನೊಬ್ಬಾಕೆಯ ಪುಟದಲ್ಲಿ ಜಮೆಯಾಗಿದ್ದವು. ತಪ್ಪು ಇತ್ತು, ಕಳವು ಇರಲಿಲ್ಲ.

1992ರಲ್ಲಿ ನಬಾರ್ಡ್ ಸಂಘಗಳನ್ನು ಬ್ಯಾಂಕಿಗೆ ಜೋಡಿಸತೊಡಗಿತು. ಅಂದಿನಿಂದ ಸಂಘದ ಸಾಲಕ್ಕೆ ಆಧಾರ ಆಸ್ತಿಯಲ್ಲ. ಸಭೆ, ಉಳಿತಾಯ, ಒಳಸಾಲ, ಮರುಪಾವತಿ ಮತ್ತು ಲೆಕ್ಕ. ಸಹಿದಾರರನ್ನು ಬದಲಿಸಬೇಕಾದರೂ ಬ್ಯಾಂಕು ಕೇಳುವುದು ಸಭೆಯ ಠರಾವನ್ನೇ.

ಮೊಬೈಲ್ ಬೇಡವೆಂದಲ್ಲ. ಸಭೆಯ ದಿನ ತಿಳಿಸಲು, ತಿಂಗಳ ಲೆಕ್ಕದ ಪುಟದ ಫೋಟೋ ಹಂಚಲು ಅದು ಉಪಯುಕ್ತ. ಪ್ರತಿನಿಧಿಯನ್ನು ಪ್ರಶ್ನಿಸುವ ಹಕ್ಕು ಪ್ರತಿ ಸದಸ್ಯೆಗೂ ಇದೆ. ಆ ಪ್ರಶ್ನೆಯನ್ನು ಪುಸ್ತಕದ ಮುಂದೆ ಕೇಳಬೇಕು. ರೈತ ಬಾಂಧವರಲ್ಲಿ ನನ್ನ ವಿನಂತಿ: ಸಂಘದ ಬಗ್ಗೆ ಬಂದ ಸಂದೇಶವನ್ನು ದಾಟಿಸಬೇಡಿ, ಮನೆಯ ಹೆಣ್ಣುಮಕ್ಕಳಿಗೆ ಸಭೆಗೆ ಹೋಗಲು ಬಿಡುವು ಮಾಡಿಕೊಡಿ.