‘ಯಾವನೋ’ ಇಲ್ಲದ ಆ ಸಣ್ಣ ಸಂಘ!



ಕಳೆದ ವಾರ ಮದ್ದೂರು ಬಸ್ ಸ್ಟ್ಯಾಂಡಿನಲ್ಲಿ ಮಂಡ್ಯದ ಬಸ್ಸಿಗಾಗಿ ಕಾಯುತ್ತಾ ಕುಳಿತಿದ್ದೆ. ಒಂದು ಕೈಯಲ್ಲಿ ಕಾಗದ ಸುತ್ತಿದ ವಡೆ, ಇನ್ನೊಂದು ಕೈಯಲ್ಲಿ ನಮ್ಮದೇ ಪತ್ರಿಕೆ. (ಬರೆಯುವವನೂ ದುಡ್ಡು ಕೊಟ್ಟೇ ಕೊಳ್ಳಬೇಕು ಸ್ವಾಮೀ, ಅಂಗಡಿಯವರು ಪುಕ್ಕಟೆ ಕೊಡುತ್ತಾರೆಯೇ!) ಪಕ್ಕದಲ್ಲೊಬ್ಬ ಹುಡುಗ. ಹದಿನೇಳೋ ಹದಿನೆಂಟೋ ಇರಬಹುದು. ಎರಡೂ ಹೆಬ್ಬೆರಳಿನಿಂದ ಮೊಬೈಲನ್ನು ಟಕಟಕ ಕುಟ್ಟುತ್ತಿದ್ದ. ಮುಖ ಕೆಂಪಗಾಗಿತ್ತು. ಮೆಲ್ಲಗೆ ಇಣುಕಿದೆ. ಅಬ್ಬಬ್ಬಾ! ಯಾರನ್ನೋ ಅವರ ತಾಯಿಯನ್ನೂ ಬಿಡದೆ ಬೈಯುತ್ತಿದ್ದಾನೆ. ಕಾರಣ? ಇವನ ಹೀರೋನ ಹೊಸ ಚಿತ್ರದ ಟೀಸರು ಆ ಪುಣ್ಯಾತ್ಮನಿಗೆ ಹಿಡಿಸಲಿಲ್ಲವಂತೆ.

“ಯಾರ್ಲಾ ಮಗ ಅವ್ನು?” ಎಂದೆ.

“ಗೊತ್ತಿಲ್ಲ ಕಣಣ್ಣ. ಯಾವನೋ!”

“ಯಾವೂರಂತೆ?”

“ಯಾವೂರಾದ್ರೆ ನಂಗೇನಣ್ಣ?”

ಬಸ್ಸು ಬಂತು, ಹುಡುಗ ಹತ್ತಿಕೊಂಡು ಹೋದ. ಆದರೆ ಅವನು ಹೇಳಿದ ಆ ಒಂದು ಮಾತು, ‘ಯಾವನೋ’ ಎಂಬುದು, ನನ್ನ ಪಕ್ಕದಲ್ಲೇ ಕುಳಿತುಬಿಟ್ಟಿತು. ವಡೆ ತಣ್ಣಗಾಯಿತು. ನೆನಪು ಬಿಸಿಯಾಯಿತು!

ಏಕೆಂದರೆ ಮಿತ್ರರೇ, ನಾವೂ ಇಂಟರ್‌ನೆಟ್ಟಿನಲ್ಲಿ ಸಿನಿಮಾ ಜಗಳ ಆಡಿದವರೇ. ಆದರೆ ನಮ್ಮಲ್ಲಿ ‘ಯಾವನೋ’ ಎಂಬುವನೊಬ್ಬನೂ ಇರಲಿಲ್ಲ.

2011ನೇ ಇಸವಿ. ನಾನಾಗ ಹತ್ತನೇ ಕ್ಲಾಸು. ಜೆರಾಕ್ಸ್ ಅಂಗಡಿಯ ಮೇಲೊಂದು ಬ್ರೌಸಿಂಗ್ ಸೆಂಟರ್. ಪ್ಲೈವುಡ್ ಗೂಡುಗಳು, ಒಂದೊಂದು ಗೂಡಿಗೂ ಒಂದೊಂದು ಮಾಸಿದ ಪರದೆ. ರಿಜಿಸ್ಟರಿನಲ್ಲಿ ಹೆಸರು ಬರೆದು, ಗಂಟೆಗೆ ಹದಿನೈದು ರೂಪಾಯಿ ಕೊಟ್ಟು ಒಳಗೆ ಹೋಗಬೇಕು. ಕರೆಂಟು ಹೋಯಿತೆಂದರೆ ಯುಪಿಎಸ್ಸು ‘ಕುಂಯ್’ ಎನ್ನುತ್ತಿತ್ತು, ಬರೆದದ್ದೆಲ್ಲ ಹೊಳೆಪಾಲು! ಮನೆಯಲ್ಲಿ ಹಾಲಿನ ಡೇರಿ ದುಡ್ಡಿನಿಂದ ಚಿಲ್ಲರೆ ಎತ್ತಿಕೊಂಡು ನಾನು ಓಡುತ್ತಿದ್ದುದು ಅಲ್ಲಿಗೆ... ಆರ್ಕುಟ್‌ಗೆ.

ಈಗಿನ ಕಿರಿಯ ಮಿತ್ರರಿಗೆ ಆರ್ಕುಟ್ ಎಂದರೇನೆಂದು ಹೇಳಬೇಕಾದ ಕಾಲ ಬಂತಲ್ಲ! ಗೂಗಲ್ ಕಂಪನಿಯಲ್ಲಿದ್ದ ಟರ್ಕಿ ಮೂಲದ ಇಂಜಿನಿಯರೊಬ್ಬರ ಹೆಸರೇ ಆರ್ಕುಟ್. ಅವರು ಕಟ್ಟಿದ, ಅವರದೇ ಹೆಸರು ಹೊತ್ತ ಈ ತಾಣ ಶುರುವಾದದ್ದು 2004ರ ಜನವರಿಯಲ್ಲಿ. ಅಮೆರಿಕದವರು ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಅಪ್ಪಿಕೊಂಡವರು ಬ್ರೆಜಿಲ್ ದೇಶದವರು ಮತ್ತು ನಾವು! ಗೋಡೆಯ ಮೇಲೆ ಚೀಟಿ ಅಂಟಿಸಿದಂತೆ ಒಬ್ಬರಿಗೊಬ್ಬರು ‘ಸ್ಕ್ರ್ಯಾಪ್’ ಬರೆಯುವುದು, ಸ್ನೇಹಿತನನ್ನು ಹೊಗಳಿ ‘ಟೆಸ್ಟಿಮೋನಿಯಲ್’ ಕೊಡುವುದು, ಯಾರು ನಮ್ಮ ಪುಟಕ್ಕೆ ಬಂದು ಇಣುಕಿದರೆಂದು ನೋಡಿ ಪುಳಕಗೊಳ್ಳುವುದು! ಇವೆಲ್ಲಕ್ಕಿಂತ ಮುಖ್ಯವಾಗಿ ‘ಕಮ್ಯುನಿಟಿ’ ಎಂಬ ಗುಂಪುಗಳು. ನಾನು ಸೇರುವ ಹೊತ್ತಿಗೆ ಪಟ್ಟಣದವರೆಲ್ಲ ಫೇಸ್‌ಬುಕ್ಕಿಗೆ ಗಂಟುಮೂಟೆ ಕಟ್ಟುತ್ತಿದ್ದರು. ಮದ್ದೂರಿಗೆ ಎಲ್ಲವೂ ಸೆಕೆಂಡ್ ರಿಲೀಸ್ ತಾನೇ!

ನಮ್ಮ ಗುಂಪು ಬಹಳ ಸಣ್ಣದು. ಕನ್ನಡ ಚಿತ್ರಗಳ ಬಗ್ಗೆ ಮಾತಾಡುವ ನಲವತ್ತು ಜನ, ಅಷ್ಟೆ. ಹೆಸರಿಗಿಂತ ಊರೇ ಹೆಸರು. ಶಿವಮೊಗ್ಗದ ಮೇಷ್ಟ್ರು, ದುಬೈ ಅಣ್ಣ, ಹುಬ್ಬಳ್ಳಿ ಅಕ್ಕ, ಪುತ್ತೂರು ಭಟ್ರು... ನಾನು ‘ಮದ್ದೂರು ಮರಿ’. ಸೇರಬೇಕಾದರೆ ಒಂದು ಷರತ್ತು. ಥಿಯೇಟರಿನಲ್ಲಿ ನೋಡಿದ ಮೊದಲ ಚಿತ್ರದ ಬಗ್ಗೆ ನಾಲ್ಕು ಮಾತು ಬರೆಯಬೇಕು. ನಾನು ‘ಮುಂಗಾರು ಮಳೆ’ಯ ಬಗ್ಗೆ ಬರೆದೆ. ಅದು ಬಿಡುಗಡೆಯಾದದ್ದು 2006ರ ಡಿಸೆಂಬರ್ ಕೊನೆಯಲ್ಲಿ. ನನಗಾಗ ಹತ್ತು ವರ್ಷ, ಸೋದರತ್ತೆ ಕರೆದುಕೊಂಡು ಹೋಗಿದ್ದರು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟಿ, ‘ಮುಂಗಾರು ಮಳೆಯ ಆಡುಗಳು ಸೂಪರ್’ ಎಂದು ಮುಗಿಸಿದೆ.

ನಮ್ಮ ಸೀಮೆಯ ನಾಲಿಗೆ ನಿಮಗೆ ಗೊತ್ತಲ್ಲ. ಹಾಲು ‘ಆಲು’, ಹಸು ‘ಅಸು’, ಹಾಡು ‘ಆಡು’!

ಮರುದಿನ ಮೇಷ್ಟ್ರ ಉತ್ತರ ಬಂದಿತ್ತು: “ತಮ್ಮಾ, ಆ ಚಿತ್ರದಲ್ಲಿ ಮೊಲ ಇತ್ತು, ನಾನೂ ನೋಡಿದ್ದೇನೆ. ಆಡು ಯಾವ ಸೀನಿನಲ್ಲಿ ಬಂತಪ್ಪಾ?”

ಇಡೀ ಗುಂಪು ನಕ್ಕಿತು. ನಾನು ಎರಡು ದಿನ ಆ ಕಡೆ ತಲೆ ಹಾಕಲಿಲ್ಲ. ಮೂರನೆಯ ದಿನ ನೋಡಿದರೆ ಮೇಷ್ಟ್ರಿಂದ ಒಂದು ಉದ್ದ ಸ್ಕ್ರ್ಯಾಪು. ‘ಬರಹ’ ತಂತ್ರಾಂಶವನ್ನು ಇಳಿಸಿಕೊಂಡು ಕನ್ನಡ ಅಕ್ಷರದಲ್ಲೇ ಟೈಪು ಮಾಡುವುದು ಹೇಗೆಂದು ಒಂದೊಂದೇ ಮೆಟ್ಟಿಲು ವಿವರಿಸಿದ್ದರು. ಕೊನೆಯಲ್ಲಿ, “ನಿನ್ನ ಸೋದರತ್ತೆ ಇಂಟರ್‌ವಲ್ಲಿನಲ್ಲಿ ಕಣ್ಣೊರೆಸಿಕೊಂಡಿದ್ದನ್ನು ಬರೆದೆಯಲ್ಲ, ಅದು ಚೆನ್ನಾಗಿದೆ. ಅಂಥವನ್ನೇ ಬರೆ” ಎಂದಿದ್ದರು.

ಮಿತ್ರರೇ, ಈ ಅಂಕಣಕಾರ ಪಿಯುಸಿಯನ್ನು ಅರ್ಧಕ್ಕೇ ಕೈಬಿಟ್ಟವನು. ನಾಚಿಕೆಯೇನಿಲ್ಲ. ನನ್ನ ಕಾಲೇಜು ಆ ಜೆರಾಕ್ಸ್ ಅಂಗಡಿಯ ಮೇಲಿತ್ತು. ಪುಟ್ಟಣ್ಣ ಕಣಗಾಲರು ಯಾರು, ‘ಸಂಸ್ಕಾರ’ ಚಿತ್ರಕ್ಕೆ ಸ್ವರ್ಣಕಮಲ ಏಕೆ ಬಂತು, ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಚಿತ್ರಿಸಿದ ಆಗುಂಬೆ ಹೇಗಿದೆ... ಇವೆಲ್ಲ ನಾನು ಕಲಿತದ್ದು ಆ ನಲವತ್ತು ಜನರ ಜಗಳದಿಂದ!

ಸಣ್ಣ ಗುಂಪಿನಿಂದೇನಾಗುತ್ತದೆ ಎಂದು ಮೂಗು ಮುರಿಯಬೇಡಿ. ‘ಲೂಸಿಯಾ’ ನೆನಪಿದೆಯೇ? ನಿರ್ಮಾಪಕರು ಸಿಗದೆ ನಿರ್ದೇಶಕ ಪವನ್ ಕುಮಾರ್ 2012ರಲ್ಲಿ ಇಂಟರ್‌ನೆಟ್ಟಿನಲ್ಲಿ ಪ್ರೇಕ್ಷಕರ ಮುಂದೆಯೇ ಕೈಚಾಚಿದರು. 27 ದಿನಗಳಲ್ಲಿ ಸುಮಾರು 50 ಲಕ್ಷ ರೂಪಾಯಿ ಕೂಡಿತು. ಕೊಟ್ಟವರೆಷ್ಟು ಜನ? ಕೇವಲ 110! ಲಕ್ಷ ಲೈಕು ಬಂದರೂ ಒಂದು ರೀಲು ಓಡುವುದಿಲ್ಲ. ಗುರುತಿರುವ 110 ಜನ ಸೇರಿದರೆ ಒಂದು ಚಿತ್ರವೇ ಹುಟ್ಟುತ್ತದೆ. ಹೊರಗಿನ ಪ್ರಪಂಚ ನೋಡಿ. ಇಂದು ಜಗತ್ತೆಲ್ಲ ನೋಡುವ ಐಎಂಡಿಬಿ ಕೂಡ 1990ರಲ್ಲಿ ಹುಟ್ಟಿದ್ದು ಬೆರಳೆಣಿಕೆಯ ಸಿನಿಮಾ ಹುಚ್ಚರು ತಮ್ಮತಮ್ಮಲ್ಲೇ ಹಂಚಿಕೊಂಡ ನಟನಟಿಯರ ಪಟ್ಟಿಗಳಿಂದ. ಮುಂದೆ ದೊಡ್ಡ ಕಂಪನಿಯ ಪಾಲಾಯಿತು. ಅಭಿಮಾನಿಗಳು ಹರಟುತ್ತಿದ್ದ ಅದರ ಕಟ್ಟೆಯನ್ನು 2017ರ ಫೆಬ್ರವರಿಯಲ್ಲಿ ಮುಚ್ಚಿಯೇಬಿಟ್ಟರು. ಎಲ್ಲೆಲ್ಲೂ ಇದೇ ಕಥೆ!

ಇಷ್ಟು ಹೊಗಳಿದ ಮೇಲೆ ನನ್ನದೊಂದು ಪಾಪವನ್ನೂ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಈ ಬರಹ ಅರ್ಧ ಸುಳ್ಳಾಗುತ್ತದೆ.

ಹುಬ್ಬಳ್ಳಿ ಅಕ್ಕನದು ಗುಂಪಿನಲ್ಲೇ ಉತ್ತಮ ಬರಹ. ಪ್ರೊಫೈಲಿನಲ್ಲಿ ಮುಖ ಇರಲಿಲ್ಲ, ಒಂದು ದಾಸವಾಳದ ಚಿತ್ರ. ಹೆಣ್ಣುಮಕ್ಕಳು ಆಗ ತಮ್ಮ ಫೋಟೋ ಹಾಕುತ್ತಿರಲಿಲ್ಲ, ಹಾಕಿದರೆ ನಮ್ಮಂಥವರ ಕಾಟ! 2013ರ ಜುಲೈನಲ್ಲಿ ನನ್ನ ಹೀರೋನ (ಹೆಸರು ಬೇಡ, ಮತ್ತೆ ಜಗಳ!) ಒಂದು ಚಿತ್ರ ತೋಪಾಯಿತೆಂದು ಆಕೆ ಬರೆದರು. ನಾನು ಕುದಿದುಹೋದೆ. ಅದಕ್ಕೆ ಅವರ ಉತ್ತರ: “ಸಿನಿಮಾ ಚಲೋ ಇಲ್ಲ ಅಂದ್ರ ಹೀರೋ ಚಲೋ ಇಲ್ಲ ಅಂತಲ್ಲೋ ತಮ್ಮಾ.”

ಎಷ್ಟು ಸಮಾಧಾನದ ಮಾತು! ಆದರೆ ಹದಿನೇಳರ ಹುಂಬನಿಗೆ ಅದು ತಲೆಗೆ ಹೋದೀತೇ? ಸುಳ್ಳು ಹೆಸರಿನಲ್ಲಿ ಇನ್ನೊಂದು ಪ್ರೊಫೈಲು ಮಾಡಿದೆ. ಒಬ್ಬ ಹೆಣ್ಣುಮಗಳಿಗೆ ಯಾವ ಗಂಡಸೂ ಬರೆಯಬಾರದ ಮಾತು ಬರೆದೆ. ಬರೆದು, ಗೆದ್ದೆನೆಂದು ಸೀಟಿ ಹೊಡೆಯುತ್ತಾ ಮೆಟ್ಟಿಲಿಳಿದೆ.

ಅರ್ಧ ದಿನ ಕೂಡ ಆಗಲಿಲ್ಲ. ಮೇಷ್ಟ್ರಿಂದ ನನ್ನ ನಿಜವಾದ ಪುಟಕ್ಕೆ ಒಂದು ಸಾಲು: “ಮದ್ದೂರಿನವನೇ, ಹೆಸರು ಬದಲಾಯಿಸಿದೆ, ಆದರೆ ‘ಈರೋ’ ಬದಲಾಗಲಿಲ್ಲ.”

ಹೌದು! ಆ ಸುಳ್ಳು ಹೆಸರಿನ ಬೈಗುಳದಲ್ಲಿ ನಾನು ‘ನಮ್ಮ ಈರೋ ಬಗ್ಗೆ’ ಎಂದೇ ಬರೆದಿದ್ದೆ. ನಲವತ್ತು ಜನರಿಗೂ ಒಂದೇ ಕ್ಷಣಕ್ಕೆ ಗೊತ್ತಾಗಿಹೋಗಿತ್ತು. ನನ್ನನ್ನು ಗುಂಪಿನಿಂದ ಹೊರಹಾಕಬಹುದಿತ್ತು. ಹಾಕಲಿಲ್ಲ. ದುಬೈ ಅಣ್ಣ ಐಎಸ್‌ಡಿ ಕಾಲ್ ಮಾಡಿ, ಬೈಯದೆ, “ನಿಮ್ಮನೇಲಿ ಅಕ್ಕತಂಗೀರು ಇಲ್ವೇನಪ್ಪ?” ಎಂದು ಕೇಳಿ ಇಟ್ಟುಬಿಟ್ಟರು. ಆ ರಾತ್ರಿ ನನಗೆ ಅನ್ನ ಇಳಿಯಲಿಲ್ಲ. ಮರುದಿನ ಎಲ್ಲರ ಮುಂದೆ ತಪ್ಪೊಪ್ಪಿಕೊಂಡು ಬರೆದೆ. ಅಕ್ಕನ ಪುಟಕ್ಕೂ ಹೋಗಿ ಕ್ಷಮೆ ಕೇಳಿ ಸ್ಕ್ರ್ಯಾಪು ಹಾಕಿದೆ.

ಉತ್ತರ ಬರಲಿಲ್ಲ. ಅಕ್ಕ ಮತ್ತೆ ಗುಂಪಿನಲ್ಲಿ ಬರೆಯಲೇ ಇಲ್ಲ.

2013ರ ಸೆಪ್ಟೆಂಬರ್ 6ರಂದು ‘ಲೂಸಿಯಾ’ ಬಿಡುಗಡೆ. ಗುಂಪಿನ ಹನ್ನೊಂದು ಜನ ಬೆಂಗಳೂರಿನಲ್ಲಿ ಸೇರಿದೆವು. ಮುಖ ನೋಡಿದ್ದು ಅದೇ ಮೊದಲು! ಮೇಷ್ಟ್ರು ಹನ್ನೆರಡು ಟಿಕೆಟ್ಟು ತೆಗೆಸಿದ್ದರು, ಅಕ್ಕ ಬಂದರೂ ಬರಬಹುದೆಂದು. ಚಿತ್ರ ಪೂರ್ತಿ ನನ್ನ ಪಕ್ಕದ ಸೀಟು ಖಾಲಿ ಇತ್ತು. ತೆರೆಯ ಮೇಲೆ ಏನು ನಡೆಯಿತೋ, ನಾನು ಹೆಚ್ಚಾಗಿ ನೋಡಿದ್ದು ಆ ಸೀಟನ್ನು.

ಮುಂದಿನ ವರ್ಷ, 2014ರ ಜೂನ್ ಕೊನೆಯಲ್ಲಿ ಕಂಪನಿಯವರು ಘೋಷಿಸಿದರು: ಸೆಪ್ಟೆಂಬರ್ 30ಕ್ಕೆ ಆರ್ಕುಟ್ ಬಂದ್. ಆ ಮೂರು ತಿಂಗಳು ವಾರಕ್ಕೊಮ್ಮೆ ಹೋಗಿ ಅಕ್ಕನ ಪುಟ ನೋಡಿದೆ. ದಾಸವಾಳ ಹಾಗೇ ಇತ್ತು, ಉತ್ತರ ಇರಲಿಲ್ಲ. ಕೊನೆಯ ದಿನ ಬಂತು, ದಾಸವಾಳವೂ ಹೋಯಿತು, ನನ್ನ ಕ್ಷಮಾಪಣೆಯೂ ಹೋಯಿತು. ಆಕೆ ಅದನ್ನು ಓದಿದರೋ ಇಲ್ಲವೋ, ಇಂದಿಗೂ ನನಗೆ ತಿಳಿಯದು.

ಉಳಿದವರು ವಾಟ್ಸಾಪ್ ಗುಂಪು ಮಾಡಿಕೊಂಡೆವು. ‘ಗುಡ್ ಮಾರ್ನಿಂಗ್’ ಹೂಗಳ ಭಾರಕ್ಕೆ ಅದು ತಾನಾಗಿಯೇ ಮಲಗಿತು. ಆದರೂ 2018ರ ನವೆಂಬರ್ 24ರ ರಾತ್ರಿ ಅಂಬರೀಶ್ ತೀರಿಕೊಂಡ ಸುದ್ದಿ ಬಂದಾಗ... ನಮ್ಮ ತಾಲೂಕಿನ ದೊಡ್ಡರಸಿನಕೆರೆಯಲ್ಲಿ ಹುಟ್ಟಿ, 1972ರ ‘ನಾಗರಹಾವು’ವಿನ ಜಲೀಲನಾಗಿ ತೆರೆಗೆ ಬಂದ ಮನುಷ್ಯ... ಮೊದಲು ಬಂದ ಫೋನು ಶಿವಮೊಗ್ಗದಿಂದ. “ನಿಮ್ಮೂರ ಮಗ ಹೋದರಲ್ಲಪ್ಪಾ... ನೀನು ಊಟ ಮಾಡಿದೆಯಾ?” ಮರುದಿನ ಮಂಡ್ಯ ಸ್ಟೇಡಿಯಮ್ಮಿಗೆ ಪಾರ್ಥಿವ ಶರೀರ ಬಂದಾಗ ಅಲ್ಲಿ ಜನಸಾಗರ. ಆ ಸಾಗರದಲ್ಲಿ ನಿಂತಾಗಲೂ ನನಗೆ ದೊಡ್ಡದಾಗಿ ಕಂಡದ್ದು ಆ ಒಂದು ಫೋನು.

ಇಷ್ಟಕ್ಕೂ ಹಳೆಯ ಕಾಲವೇ ಚಿನ್ನ ಎಂದು ನಾನು ಬಾಯಿ ಬಡಿದುಕೊಳ್ಳುತ್ತಿಲ್ಲ. ನಮ್ಮ ಗುಂಪಿನಲ್ಲಿದ್ದ ಒಳ್ಳೆಯ ಬರಹಗಾರ್ತಿಯನ್ನು ಓಡಿಸಿದವನು ನಾನೇ. ನಾವೇನೂ ಇಂದಿನ ಹುಡುಗರಿಗಿಂತ ಸಭ್ಯರಲ್ಲ. ವ್ಯತ್ಯಾಸ ಇಷ್ಟೆ: ಅಲ್ಲಿ ಮಾತಿಗೊಬ್ಬ ವಾರಸುದಾರನಿದ್ದ. ತಪ್ಪು ಮಾಡಿದರೆ ಸಿಕ್ಕಿಬೀಳುತ್ತಿದ್ದೆ, ಸಿಕ್ಕಿಬಿದ್ದರೆ ನಾಚುತ್ತಿದ್ದೆ, ನಾಚಿದರೆ ತಿದ್ದಿಕೊಳ್ಳುತ್ತಿದ್ದೆ. ಈಗ? ಬೈದವನೂ ಯಾವನೋ, ಬೈಸಿಕೊಂಡವನೂ ಯಾವನೋ. ನಾಚಿಕೆ ಯಾರಿಗೆ?

2023ರಲ್ಲಿ ಮೈಸೂರಿಗೆ ಹೊಸ ಹೆದ್ದಾರಿ ಆಯಿತಲ್ಲ. ಕಾರುಗಳು ಮದ್ದೂರಿಗೆ ಮುಖವನ್ನೂ ತೋರದೆ ಬೈಪಾಸಿನಲ್ಲಿ ಭರ್ರನೆ ಹೋಗುತ್ತವೆ. ಬೇಗ ತಲುಪುತ್ತಾರೆ, ನಿಜ. ಆದರೆ ಇಳಿದು ವಡೆ ತಿಂದು, “ಯಾವೂರು ಸ್ವಾಮಿ?” ಎಂದು ಕೇಳಿಸಿಕೊಳ್ಳುವ ಭಾಗ್ಯ ಅವರಿಗಿಲ್ಲ. ಇಂದಿನ ಸಿನಿಮಾ ಮಾತೂ ಹಾಗೇ ಬೈಪಾಸ್ ಹಿಡಿದಿದೆ.

ಆದ್ದರಿಂದ ಕಿರಿಯ ಅಭಿಮಾನಿ ಮಿತ್ರರೇ, ವಾಟ್ಸಾಪಿನಲ್ಲಿ 1024 ಜನರನ್ನು ತುಂಬಬಹುದೆಂದು ತುಂಬಬೇಡಿ. ಮೂವತ್ತು ಸಾಕು. ಒಬ್ಬೊಬ್ಬರ ಊರು ಗೊತ್ತಿರಲಿ. ಬೇರೆ ಹೀರೋನ ಅಭಿಮಾನಿಗಳೂ ಇರಲಿ, ಇಲ್ಲದಿದ್ದರೆ ಜಗಳದ ರುಚಿಯೇ ಇಲ್ಲ! ಸೇರುವವನಿಂದ ಮೊದಲ ಚಿತ್ರದ ಬಗ್ಗೆ ನಾಲ್ಕು ಸಾಲು ಬರೆಸಿ. ತಪ್ಪಿದವನನ್ನು ಹೊರಹಾಕುವ ಮೊದಲು ಒಂದು ಫೋನು ಮಾಡಿ. ಮುಖ್ಯವಾಗಿ, ಕ್ಷಮೆ ಕೇಳುವುದಿದ್ದರೆ ಇವತ್ತೇ ಕೇಳಿ. ಅಂಗಡಿ ಯಾವಾಗ ಮುಚ್ಚುತ್ತದೋ ಯಾರಿಗೆ ಗೊತ್ತು?

ಕೊನೆಗೊಂದು ಮಾತು, ಒಬ್ಬರಿಗೆ ಮಾತ್ರ.

ಹುಬ್ಬಳ್ಳಿ ಅಕ್ಕಾ, ಈ ಪತ್ರಿಕೆ ಬಸ್ ಸ್ಟ್ಯಾಂಡುಗಳಲ್ಲಿ ಸಿಗುತ್ತದೆ. ಎಂದಾದರೂ ಬಸ್ಸಿಗೆ ಕಾಯುವಾಗ ನಿಮ್ಮ ಕೈಗೆ ಬಂದೀತು. ನೀವು ಹೇಳಿದ್ದೇ ಸರಿ, ಆ ಚಿತ್ರ ಚಲೋ ಇರಲಿಲ್ಲ. ನಾನು ಮಾಡಿದ್ದಂತೂ ಅದಕ್ಕಿಂತ ಕೆಟ್ಟದ್ದು. ತಪ್ಪಾಯಿತು. ಉತ್ತರ ಬೇಡ. ಎಲ್ಲಾದರೂ ಮತ್ತೆ ಬರೆಯುತ್ತಿದ್ದರೆ ಸಾಕು.

ನೋಡಿ, ‘ಹೀರೋ’ ಎಂದೇ ಬರೆದಿದ್ದೇನೆ.