ನೆಲವಳಿ ಯಾರು ಕಟ್ಟಬೇಕು?

ನಮ್ಮ ಊರಿನ ಬಸ್ ನಿಲ್ದಾಣದಿಂದ ಸರ್ಕಾರಿ ಆಸ್ಪತ್ರೆಯವರೆಗೆ ನಗರಸಭೆಯವರು ಹೊಸದಾಗಿ ಕಲ್ಲು ಹಾಸಿ ಫುಟ್‌ಪಾತ್ ಮಾಡಿದ್ದಾರೆ. ಅದು ಮುಗಿದು ಹದಿನೈದು ದಿನ ಕಳೆಯುವುದರೊಳಗೆ ಅಲ್ಲಿ ಬುಟ್ಟಿ ಇಟ್ಟು ಕುಳಿತಿದ್ದ ಹೂವಿನವರನ್ನೂ ಕಡಲೆಕಾಯಿಯವರನ್ನೂ ಚಪ್ಪಲಿ ಹೊಲಿಯುವವರೊಬ್ಬರನ್ನೂ ಎಬ್ಬಿಸಿದರು. ಜನ ನಡೆಯಲು ಅಡ್ಡಿ ಎಂಬುದು ಅಧಿಕಾರಿಗಳು ಕೊಟ್ಟ ಕಾರಣ. ಕಾರಣ ಪೂರ್ತಿ ಸುಳ್ಳಲ್ಲ. ಆಸ್ಪತ್ರೆಗೆ ಹೋಗುವ ಬಸುರಿಯರೂ ಮುದುಕರೂ ರಸ್ತೆಗಿಳಿದು ಮೋಟಾರುಗಳ ನಡುವೆ ದಾರಿ ಮಾಡಿಕೊಳ್ಳುತ್ತಿದ್ದುದನ್ನು ನಾವೂ ಕಂಡಿದ್ದೇವೆ. ಆ ಮಟ್ಟಿಗೆ ನಗರಸಭೆಯನ್ನು ದೂರುವುದಿಲ್ಲ.

ಆದರೆ ಕಳೆದ ತಿಂಗಳು ಒಂದು ಬೆಳಿಗ್ಗೆ ಎದ್ದು ನೋಡಿದರೆ, ಆ ಹೊಸ ಕಲ್ಲಿನ ಮೇಲೆ ಇಪ್ಪತ್ತು ಹೆಜ್ಜೆಗೊಂದರಂತೆ ಹಳದಿ ಬಣ್ಣದ ಅಕ್ಷರಗಳು! ಕೊರೆದ ತಗಡಿಟ್ಟು ರಾತ್ರೋರಾತ್ರಿ ಬಣ್ಣ ಊದಿದ್ದಾರೆ. ಕಾಲೇಜು ಪ್ರವೇಶ ಪರೀಕ್ಷೆಗೆ ಪಾಠ ಹೇಳುವ ಖಾಸಗಿ ಸಂಸ್ಥೆಯೊಂದರ ಹೆಸರು, ಫೋನ್ ನಂಬರು, ಸಂಸ್ಥೆ ಯಾವ ಕಡೆಗಿದೆ ಎಂದು ತೋರಿಸುವ ಬಾಣ. ಹೂವಿನಜ್ಜಿ ಈಗ ಎದುರು ಬದಿಯ ಚರಂಡಿ ಕಲ್ಲಿನ ಮೇಲೆ ಕೂರುತ್ತಾರೆ. ಅವರಿಗೆ ಓದು ಬಾರದು.

“ಏನ್ ಬರ್ದೈತೆ ಸ್ವಾಮಿ ಅದು?” ಎಂದರು.

“ಮಕ್ಕಳಿಗೆ ಪಾಠ ಹೇಳೋರ ಜಾಹೀರಾತು ಅಜ್ಜಿ.”

“ಅವ್ರು ನೆಲವಳಿ ಕಟ್ಟವ್ರಾ?”

ಅಜ್ಜಿ ಇಪ್ಪತ್ತು ವರ್ಷ ಅದೇ ಜಾಗದಲ್ಲಿ ಕುಳಿತು ದಿನಾ ಸುಂಕದ ಚೀಟಿ ಹರಿಸಿಕೊಂಡವರು. ಮಳೆ ಬಂದು ಒಂದು ಮೊಳ ಹೂವೂ ಮಾರದ ದಿನ ಸಹ ಗುತ್ತಿಗೆದಾರನ ಆಳು ಚೀಟಿ ಹರಿಯದೆ ಬಿಟ್ಟವನಲ್ಲ. ಎರಡು ಅಡಿ ನೆಲಕ್ಕೆ ಆಕೆ ಬಾಡಿಗೆ ಕಟ್ಟಿದರು. ಆಸ್ಪತ್ರೆಯವರೆಗಿನ ಇಡೀ ದಾರಿಯನ್ನು ಹಿಡಿದವರು ಏನು ಕಟ್ಟಿದರು? ನಗರಸಭೆಯ ಕಛೇರಿಯಲ್ಲಿ ವಿಚಾರಿಸಿದೆವು. ಅರ್ಜಿಯೂ ಇಲ್ಲ, ಪರವಾನಗಿಯೂ ಇಲ್ಲ, ಕಾಸೂ ಇಲ್ಲ.

ಇಷ್ಟು ಸಣ್ಣ ಸಂಗತಿಗೆ ಒಂದು ಲೇಖನವೇ ಎಂದು ನಗುವವರು ಇರಬಹುದು. ಸಂಸ್ಥೆಯ ಪರವಾಗಿ ಮಾತನಾಡಿದ ಮಹನೀಯರೊಬ್ಬರಂತೂ “ಇದು ಹೊಸ ಬಗೆಯ ಪ್ರಚಾರ, ಮುಂದುವರಿದ ದೇಶಗಳಲ್ಲೆಲ್ಲಾ ಇದೆ” ಎಂದು ನಮಗೆ ತಿಳಿವಳಿಕೆ ಹೇಳಿದರು. ಇದೆ, ನಿಜ. ಅಲ್ಲಿ ಏನಾಯಿತು ಎಂಬುದನ್ನು ಅವರು ಹೇಳಲಿಲ್ಲ, ನಾವು ಹೇಳುತ್ತೇವೆ.

2001ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಚಿಕಾಗೋ ನಗರಗಳ ಫುಟ್‌ಪಾತುಗಳ ಮೇಲೆ ಮೂರು ಚಿತ್ರಗಳು ಸಾಲಾಗಿ ಕಾಣಿಸಿಕೊಂಡವು: ಶಾಂತಿಯ ಚಿಹ್ನೆ, ಒಂದು ಹೃದಯ, ಒಂದು ಪೆಂಗ್ವಿನ್ ಹಕ್ಕಿ. ಯಾರೋ ಯುದ್ಧ ವಿರೋಧಿ ಹುಡುಗರ ಕೆಲಸವೆಂದು ದಾರಿಹೋಕರು ಭಾವಿಸಿದ್ದರೆ ಅದು ಅವರ ತಪ್ಪಲ್ಲ. ಬರೆಯಿಸಿದ್ದು ಐಬಿಎಂ ಎಂಬ ಭಾರಿ ಯಂತ್ರದ ಕಂಪೆನಿ. ಲಿನಕ್ಸ್ ಎಂಬ ತಂತ್ರಾಂಶ ನಡೆಸುವ ತನ್ನ ಕಂಪ್ಯೂಟರುಗಳ ಮಾರಾಟಕ್ಕಾಗಿ ಅದು ನಡೆಸಿದ ಪ್ರಚಾರ ಅದು. ಆ ಒಂದೇ ವರ್ಷ ಲಿನಕ್ಸಿಗಾಗಿ ನೂರು ಕೋಟಿ ಡಾಲರ್ ಖರ್ಚು ಮಾಡುವುದಾಗಿ ಸಾರಿದ್ದ ಕಂಪೆನಿಗೆ ಜಾಹೀರಾತು ಫಲಕ ಬಾಡಿಗೆಗೆ ಹಿಡಿಯಲು ದುಡ್ಡಿರಲಿಲ್ಲವೆಂದು ಯಾರೂ ಹೇಳಲಾರರು.

ಆ ಮೂರು ಚಿತ್ರಗಳ ಬಗ್ಗೆ ಓದುಗರು ಸ್ವಲ್ಪ ಯೋಚಿಸಬೇಕು. ಶಾಂತಿಯ ಚಿಹ್ನೆಯನ್ನು 1958ರಲ್ಲಿ ಇಂಗ್ಲೆಂಡಿನ ಜೆರಾಲ್ಡ್ ಹೋಲ್ಟಮ್ ರಚಿಸಿದ್ದು ಅಣುಬಾಂಬಿನ ವಿರುದ್ಧ ಲಂಡನ್ನಿನಿಂದ ಆಲ್ಡರ್‌ಮಾಸ್ಟನ್ನಿಗೆ ಕಾಲ್ನಡಿಗೆಯಲ್ಲಿ ಹೊರಟ ಜನರಿಗಾಗಿ. ಅದಕ್ಕೆ ಹಕ್ಕುಸ್ವಾಮ್ಯ ಮಾಡಿಸಿಕೊಳ್ಳಲಿಲ್ಲ; ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟರು. ಪೆಂಗ್ವಿನ್ ಲಿನಕ್ಸಿನ ಗುರುತು. ಲಿನಕ್ಸ್ ಎಂಬುದು ನಾನಾ ದೇಶಗಳವರು ಕೂಡಿ ಬರೆದು, ಯಾರು ಬೇಕಾದರೂ ಬಳಸಲು ತಿದ್ದಲು ಹಂಚಲು ಬಿಟ್ಟಿರುವ ಸೊತ್ತು. ಅದಕ್ಕೆ ಐಬಿಎಂ ಕಂಪೆನಿಯ ಕೆಲಸಗಾರರೂ ಕೈ ಸೇರಿಸಿದ್ದಾರೆ, ಇಲ್ಲವೆನ್ನುವುದಿಲ್ಲ. ಇನ್ನು ಫುಟ್‌ಪಾತು, ಅದು ಆ ಊರಿನ ತೆರಿಗೆದಾರರದು. ಹೀಗೆ ಎಲ್ಲರ ನೆಲದ ಮೇಲೆ, ಎಲ್ಲರ ಚಿಹ್ನೆಯಿಟ್ಟು, ಎಲ್ಲರೂ ಕೂಡಿ ಮಾಡಿದ್ದೊಂದರ ಹೆಸರು ಹೇಳಿ, ಒಬ್ಬರು ತಮ್ಮ ಯಂತ್ರ ಮಾರಹೊರಟರು. ಇದರಲ್ಲಿ ಅವರದ್ದೆಂಬುದು ಬಣ್ಣವೊಂದೇ! ಆ ಬಣ್ಣವೂ ಸೀಮೆಸುಣ್ಣದಂಥದ್ದು, ಮಳೆಗೆ ತಾನೇ ಹೋಗುತ್ತದೆ ಎಂದಿದ್ದರು. ಹೋಗಲಿಲ್ಲ. ಕೊನೆಗೆ ಸ್ಯಾನ್ ಫ್ರಾನ್ಸಿಸ್ಕೊ ನಗರಕ್ಕೆ ಒಂದು ಲಕ್ಷ ಡಾಲರ್ ಹಣವನ್ನೂ, ಉಜ್ಜಿ ತೊಳೆದ ಖರ್ಚನ್ನೂ ಕಂಪೆನಿ ತೆರಬೇಕಾಯಿತು. ಚಿಕಾಗೋದಲ್ಲಿ ಪೋಲೀಸರ ಕೈಗೆ ಸಿಕ್ಕಿಬಿದ್ದವನು ಮಾತ್ರ ಬಣ್ಣ ಬಳಿಯಲು ಕೂಲಿಗೆ ಬಂದಿದ್ದ ಒಬ್ಬ ಯುವಕ.

ಮರುವರ್ಷ, 2002ರಲ್ಲಿ, ಮೈಕ್ರೋಸಾಫ್ಟ್ ಕಂಪೆನಿ ನ್ಯೂಯಾರ್ಕಿನ ನೆಲದ ಮೇಲೆಲ್ಲಾ ಚಿಟ್ಟೆಯ ಚಿತ್ರ ಅಂಟಿಸಿತು. ನಗರದವರು ಗದರಿಸಿದ ಮೇಲೆ ಕ್ಷಮೆ ಕೇಳಿ ಕಿತ್ತುಕೊಂಡು ಹೋಯಿತು. ದಂಡ ಎಷ್ಟು ಗೊತ್ತೇ? ಐವತ್ತು ಡಾಲರ್. ಪತ್ರಿಕೆಗಳಲ್ಲೆಲ್ಲಾ ಸುದ್ದಿಯಾಗಿ ಚಿಟ್ಟೆ ಮನೆಮನೆಗೂ ಹಾರಿತು. ಐವತ್ತು ಡಾಲರಿಗೆ ಅಷ್ಟು ಪ್ರಚಾರ ಯಾವ ಅಂಗಡಿಯಲ್ಲಿ ಸಿಕ್ಕೀತು? 2010ರಲ್ಲಿ ಅದೇ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇನ್ನೊಂದು ಕಂಪೆನಿ ತನ್ನ ಆಟವೊಂದರ ಪ್ರಚಾರಕ್ಕೆ ಫುಟ್‌ಪಾತಿಗೆ ಸುಳ್ಳು ನೋಟುಗಳನ್ನು ಅಂಟಿಸಿತು. ಐಬಿಎಂ ತೆತ್ತ ದಂಡ ಯಾರನ್ನೂ ಹೆದರಿಸಲಿಲ್ಲವೆಂದಾಯಿತು. ದಂಡವನ್ನೂ ಜಾಹೀರಾತಿನ ಖರ್ಚಿಗೇ ಸೇರಿಸಿ ಲೆಕ್ಕ ಹಾಕುವವರಿಗೆ ಕಾನೂನು ಒಂದು ದರಪಟ್ಟಿ ಮಾತ್ರ. ಇಂಗ್ಲೆಂಡಿನಲ್ಲಿ ಇನ್ನೂ ಜಾಣರು ಹುಟ್ಟಿಕೊಂಡರು. ಅವರು ಬಣ್ಣವನ್ನೇ ಬಳಿಯುವುದಿಲ್ಲ. ಅಚ್ಚಿಟ್ಟು ನೀರು ಚಿಮ್ಮಿಸಿ, ನೆಲದ ಕೊಳೆಯನ್ನು ಅಕ್ಷರದ ಆಕಾರದಲ್ಲಿ ತೊಳೆಯುತ್ತಾರೆ. ಶುಚಿ ಮಾಡುವುದು ಅಪರಾಧವೇ ಎಂದು ಕೇಳುತ್ತಾರೆ! ಅಂಥವರು ನಮ್ಮೂರಿಗೆ ಬಂದರೆ ಬಸ್ ನಿಲ್ದಾಣದ ಮೂತ್ರಿಯಿಂದ ಪ್ರಾರಂಭಿಸಲಿ, ಅಡ್ಡಿಯಿಲ್ಲ.

ಈ ವಿದ್ಯೆಗೆ ಅವರಿಟ್ಟ ಹೆಸರು ಗೆರಿಲ್ಲಾ ಜಾಹೀರಾತು. 1984ರಲ್ಲಿ ಜೇ ಕಾನ್ರಾಡ್ ಲೆವಿನ್ಸನ್ ಎಂಬವರು ಬರೆದ ಪುಸ್ತಕದಿಂದ ಆ ಮಾತು ಬಳಕೆಗೆ ಬಂತು. ಅವರು ಬರೆದದ್ದು ಕೈಯಲ್ಲಿ ಹೆಚ್ಚು ಹಣವಿಲ್ಲದ ಸಣ್ಣ ವ್ಯಾಪಾರಿಗಾಗಿ. ಗೆರಿಲ್ಲಾ ಎಂದರೆ ದೊಡ್ಡ ಸೈನ್ಯದೆದುರು ಅಲ್ಪ ಆಯುಧ ಹಿಡಿದು ನಿಲ್ಲುವವನು. ಸೈನ್ಯವೇ ಗೆರಿಲ್ಲಾ ವೇಷ ಹಾಕಿದರೆ ಅದಕ್ಕೆ ಏನೆನ್ನಬೇಕು?

ಇಲ್ಲಿ ನಮ್ಮವರೇ ಕೆಲವರು ಒಂದು ಪ್ರಶ್ನೆ ಎತ್ತಿದ್ದಾರೆ. “ನೀವೇನು ಗೋಡೆ ಬರೆದಿಲ್ಲವೆ? ಸುಣ್ಣ, ಕೆಮ್ಮಣ್ಣು ಹಿಡಿದು ರಾತ್ರಿಯೆಲ್ಲಾ ತಿರುಗಿದವರು ನೀವೇ ಅಲ್ಲವೆ?” ಬರೆದಿದ್ದೇವೆ. ಒಪ್ಪಿಕೊಳ್ಳುತ್ತೇವೆ. ಬೇರೆಯವರ ಮನೆಯ ಗೋಡೆಯನ್ನು ಅವರನ್ನು ಕೇಳದೆ ಕೆಡಿಸಿದ್ದು ಸರಿಯೆಂದು ಈಗ ವಾದಿಸುವುದೂ ಇಲ್ಲ. ಆದರೆ ಪತ್ರಿಕೆಯಲ್ಲಿ ನಾಲ್ಕು ಸಾಲು ಹಾಕಿಸಲಾರದ ಕೂಲಿಕಾರರು ಸಭೆಯ ದಿನಾಂಕವನ್ನು ಗೋಡೆಗೆ ಬರೆಯುವುದೂ, ಪತ್ರಿಕೆಯ ಮುಖಪುಟವನ್ನೇ ಕೊಳ್ಳಬಲ್ಲ ಸಂಸ್ಥೆ ಬಿಟ್ಟಿ ನೆಲ ಹುಡುಕುವುದೂ ಒಂದೇ ತಕ್ಕಡಿಯಲ್ಲಿ ತೂಗುವಂಥವಲ್ಲ.

ಈಗ ಬಣ್ಣ ಬಳಿದ ಕೈ ಯಾವುದು ಎಂಬ ಸಂಗತಿಗೆ ಬರೋಣ. ದೂರು ಹೋದ ಮೇಲೆ ಪೋಲೀಸರು ಒಬ್ಬ ಹುಡುಗನನ್ನು ಕರೆತಂದು ಠಾಣೆಯಲ್ಲಿ ಅರ್ಧ ದಿನ ಕೂರಿಸಿದರು. ನಾವು ಹೋಗಿ ಮಾತನಾಡಿಸಿದೆವು. ಅವನ ತಂದೆ ಈ ಊರಿನ ಅಂಗಡಿಗಳ ಬೋರ್ಡು ಬರೆಯುತ್ತಿದ್ದ ಪೇಂಟರು. ಶಾಲೆಯ ಗೋಡೆಯ ನಕ್ಷೆ, ಲಾರಿಗಳ ಹಿಂದಿನ ಬರಹ, ಹೋಟೆಲಿನ ಕರಿಹಲಗೆ ಎಲ್ಲವೂ ಅವರ ಕೈಯದೇ. ದಪ್ಪ ಅಕ್ಷರಕ್ಕೆ ನೆರಳು ಕೊಡುವುದರಲ್ಲಿ ಸುತ್ತಮುತ್ತ ಅವರಿಗೆ ಸಮನಾದವರಿರಲಿಲ್ಲ. ಫ್ಲೆಕ್ಸ್ ಮುದ್ರಣದ ಯಂತ್ರ ಬಂದ ಮೇಲೆ ಅವರ ಕುಂಚ ಒಣಗಿತು. ಮಗ ಆ ಕೈಬರಹವನ್ನು ಕಲಿತಿದ್ದಾನೆ, ಕೆಲಸವಿಲ್ಲ. ಈ ಅಚ್ಚಿನ ಕೆಲಸಕ್ಕೆ ಅಕ್ಷರ ಬರೆಯಬಲ್ಲ ಕೈ ಬೇಕಾಗಿಯೇ ಇಲ್ಲ. ತಗಡು ಹಿಡಿದು ಡಬ್ಬಿ ಒತ್ತಿದರೆ ಆಯಿತು. ಒಂದು ರಾತ್ರಿಯ ಕೂಲಿ ತೆಗೆದುಕೊಂಡ, ಠಾಣೆಯಲ್ಲಿ ಕುಳಿತ. ಸಂಸ್ಥೆಯ ಯಜಮಾನರಿಗೆ ಠಾಣೆಯಿಂದ ಒಂದು ಫೋನು ಹೋಯಿತು, ಅಷ್ಟೇ.

ನಮ್ಮಲ್ಲಿ ಕಾನೂನಿಲ್ಲವೆ? ಇದೆ. ಕರ್ನಾಟಕ ಬಯಲು ಸ್ಥಳಗಳ ವಿರೂಪ ತಡೆಯುವ ಕಾಯಿದೆ 1981ರಲ್ಲೇ ಆಗಿದೆ. ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿಯಿಲ್ಲದೆ ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಜಾಹೀರಾತು ಬರೆದರೆ, ಆರು ತಿಂಗಳವರೆಗೆ ಸಜೆ ಅಥವಾ ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ ಎಂದು ಅದು ಹೇಳಿತು. ತಾನೇ ಬರೆದರೂ ಸರಿ, ಇನ್ನೊಬ್ಬರ ಕೈಯಲ್ಲಿ ಬರೆಸಿದರೂ ಸರಿ ಎಂಬ ಮಾತು ಅದರಲ್ಲೇ ಇದೆ. 1981ರ ಸಾವಿರ ರೂಪಾಯಿ ಸಣ್ಣ ಹಣವಲ್ಲ. ಇಂದು ಅದು ಆ ಸಂಸ್ಥೆಯ ಒಬ್ಬ ವಿದ್ಯಾರ್ಥಿಯ ಶುಲ್ಕದ ಒಂದು ಮೂಲೆಗೂ ಸಾಲದು.

ಮನಸ್ಸಿದ್ದರೆ ಆಡಳಿತದವರು ಏನು ಮಾಡಬಹುದೆಂಬುದಕ್ಕೆ ಬ್ರೆಜಿಲ್ ದೇಶದ ಸಾವೊ ಪಾಲೊ ನಗರವಿದೆ. ಅಲ್ಲಿ 2006ರಲ್ಲಿ ಶುಚಿ ನಗರದ ಕಾನೂನು ಮಾಡಿ, 2007ರಿಂದ ಹೊರಾಂಗಣ ಜಾಹೀರಾತು ಫಲಕಗಳನ್ನು ಸಾವಿರಾರು ಸಂಖ್ಯೆಯಲ್ಲಿ ಕೆಳಗಿಳಿಸಿದರು. ಮಾಡಿದ ಮೇಯರ್ ಗಿಲ್ಬೆರ್ತೊ ಕಸಾಬ್ ಸಮಾಜವಾದಿಯೂ ಅಲ್ಲ, ಬಲಪಂಥದವರು. ಅಷ್ಟು ದೂರ ಯಾಕೆ? 2018ರಲ್ಲಿ ಉಚ್ಚ ನ್ಯಾಯಾಲಯ ಗದರಿಸಿದ ಮೇಲೆ ಬೆಂಗಳೂರಿನ ಫ್ಲೆಕ್ಸುಗಳು ಕೆಲವೇ ದಿನಗಳಲ್ಲಿ ರಾಶಿರಾಶಿಯಾಗಿ ಇಳಿದುದನ್ನು ನಾವೆಲ್ಲರೂ ನೋಡಿಲ್ಲವೆ? ಆಮೇಲೆ ಮತ್ತೆ ಏರಿದ್ದನ್ನೂ ನೋಡಿದೆವೆನ್ನಿ.

ಈ ವಾರ ಇಬ್ಬರು ಪೌರಕಾರ್ಮಿಕ ಹೆಣ್ಣುಮಕ್ಕಳು ತಂತಿ ಬ್ರಷ್ಷು ಹಿಡಿದು ಆ ಹಳದಿ ಅಕ್ಷರಗಳನ್ನು ಉಜ್ಜುತ್ತಿದ್ದರು. ಹೊಸ ಕಲ್ಲಿನ ಮೈ ತರಚಿದೆ, ಬಣ್ಣ ಅರ್ಧವೂ ಹೋಗಿಲ್ಲ. ಅವರ ದಿನದ ಕೂಲಿಯೂ ಬ್ರಷ್ಷಿನ ಬೆಲೆಯೂ ನಗರಸಭೆಯ ಬೊಕ್ಕಸದಿಂದ, ಎಂದರೆ ನಮ್ಮ ನಿಮ್ಮ ಕಂದಾಯದಿಂದ ಹೋಗುತ್ತಿದೆ. ಆ ಖರ್ಚನ್ನು ಪೈಸೆ ಬಿಡದೆ ಸಂಸ್ಥೆಯಿಂದ ವಸೂಲು ಮಾಡಬೇಕು. ಮೊಕದ್ದಮೆ ಹೂಡುವುದಾದರೆ ಫೋನ್ ನಂಬರು ಯಾರದೋ ಅವರ ಮೇಲೆ ಹೂಡಬೇಕು. ಪೇಂಟರನ ಮಗನಿಗೆ ನಗರಸಭೆಯವರೇ ಕೆಲಸ ಕೊಡಲಿ. ಊರಿನ ಬೀದಿಗಳ ಹೆಸರು ಹಲಗೆಗಳು ಅರ್ಧಕ್ಕರ್ಧ ಅಳಿಸಿಹೋಗಿವೆ, ಬರೆಯುವ ಕೈ ಅವನಲ್ಲಿದೆ.

ಇನ್ನು ಬುಟ್ಟಿಯವರ ಮಾತು. 2014ರ ಬೀದಿ ವ್ಯಾಪಾರಿಗಳ ಕಾಯಿದೆಯ ಪ್ರಕಾರ, ಸಮೀಕ್ಷೆ ಮುಗಿದು ಎಲ್ಲರಿಗೂ ಮಾರಾಟದ ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸಕೂಡದು. ಆಮೇಲೆ ಎಬ್ಬಿಸುವುದಾದರೂ ಮೂವತ್ತು ದಿನದ ನೋಟೀಸು ಕೊಡಬೇಕು. ಎಲ್ಲಿ ಕೂರಬಹುದು, ಎಲ್ಲಿ ಕೂರಬಾರದು ಎಂದು ಆಲೋಚಿಸುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ ನಲವತ್ತಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನ ವ್ಯಾಪಾರಿಗಳದ್ದೇ ಇರಬೇಕು, ಅದರಲ್ಲಿ ಮೂರನೇ ಒಂದು ಪಾಲು ಹೆಂಗಸರು. ನಮ್ಮ ಹೂವಿನಜ್ಜಿಗೆ ನೋಟೀಸೂ ಬಂದಿಲ್ಲ, ಪ್ರಮಾಣಪತ್ರವೂ ಇಲ್ಲ. ಸಮಿತಿಯೆಂಬುದೊಂದು ಇದೆಯೆಂದು ನಾವು ಹೇಳಿದಾಗ ಆಕೆ ನಂಬಲೇ ಇಲ್ಲ. ಆಸ್ಪತ್ರೆಯ ದಾರಿ ಕಿರಿದು, ಬುಟ್ಟಿ ಇಟ್ಟರೆ ತೊಂದರೆ ಎಂದಾದರೆ ಆ ಸಮಿತಿಯಲ್ಲಿ ಕುಳಿತು ಬೇರೆ ಜಾಗ ಗೊತ್ತುಮಾಡಲಿ. ಚರಂಡಿ ಕಲ್ಲು ಜಾಗವಲ್ಲ.

ಮುಂದಿನ ಸಾಮಾನ್ಯ ಸಭೆಯಲ್ಲಿ ಈ ಪ್ರಶ್ನೆಯನ್ನು ಎತ್ತುವುದಾಗಿ ಇಬ್ಬರು ಸದಸ್ಯರು ಒಪ್ಪಿದ್ದಾರೆ. ಹಳದಿ ಬಣ್ಣದ ಫೋಟೋಗಳನ್ನೂ ಅಜ್ಜಿಯ ಹಳೆಯ ಸುಂಕದ ಚೀಟಿಗಳ ಕಟ್ಟನ್ನೂ ಅವರ ಕೈಗೆ ಕೊಟ್ಟಿದ್ದೇವೆ. ಸಭೆಗೆ ತಾನೂ ಬರುತ್ತೇನೆಂದು ಅಜ್ಜಿ ಹೇಳಿದ್ದಾರೆ. ಅಂದಿನ ವ್ಯಾಪಾರ ಕೆಡುವುದರಿಂದ ನಗರಸಭೆಯ ಬಾಗಿಲಲ್ಲಿ ಬುಟ್ಟಿ ಇಟ್ಟುಕೊಳ್ಳಲು ಬಿಡುತ್ತಾರೆಯೇ ಎಂದು ನಮ್ಮನ್ನು ಕೇಳಿದರು. ವಿಚಾರಿಸಿ ಹೇಳುತ್ತೇವೆ ಎಂದಿದ್ದೇವೆ.